ಈ ಮಾಲು ಯಾರ ಕೈಯದು?

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಮಾಡಿದ ಭಾಷಣ)



ವಾರಕ್ಕೊಂದೇ ರಜೆ. ಆ ರಜೆಯ ಬೆಳಗನ್ನು ಒಂದು ಭಾಷಣಕ್ಕೆ ಕೊಡುವುದೆಂದರೆ ಸಣ್ಣ ಮಾತಲ್ಲ. ಆದುದರಿಂದ ಪೀಠಿಕೆ ಹಾಕದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಇಲ್ಲಿ ಗಿರಣಿಯವರೂ ಇದ್ದೀರಿ, ಅಂಗಡಿಯವರೂ ಇದ್ದೀರಿ. ಮೊದಲು ಅಂಗಡಿಯವರನ್ನು ಕೇಳುತ್ತೇನೆ. ಗುರುತಿಲ್ಲದ ಒಬ್ಬ ಮನುಷ್ಯ ಬಂದು, ನಾಲ್ಕು ಮೂಟೆ ಬೆಲ್ಲವನ್ನು ಪೇಟೆಯ ಧಾರಣೆಯ ಅರ್ಧಕ್ಕೆ ಕೊಡುತ್ತೇನೆಂದರೆ ನೀವೇನು ಮಾಡುತ್ತೀರಿ? "ಎಲ್ಲಿಯ ಮಾಲಪ್ಪಾ ಇದು? ಬಿಲ್ಲು ಎಲ್ಲಿದೆ?" ಎನ್ನುತ್ತೀರಿ. ಅಷ್ಟು ಅಗ್ಗಕ್ಕೆ ಬಂದ ಮಾಲು ಒಂದೋ ಕದ್ದದ್ದು, ಇಲ್ಲವೇ ಕಲಬೆರಕೆಯದು ಎಂಬುದು ನಿಮಗೆ ಗೊತ್ತು. ಗಿರಣಿಯವರಿಗೂ ಈ ಪ್ರಶ್ನೆ ಹೊಸದಲ್ಲ. ನಿಮ್ಮ ಮಗ್ಗದಿಂದ ಇಳಿದ ಥಾನನ್ನು ಇನ್ನೊಬ್ಬನ ಲೆಕ್ಕಕ್ಕೆ ಬರೆದರೆ ಬಟವಾಡೆಯ ದಿನ ನೀವು ಸುಮ್ಮನಿರುವುದಿಲ್ಲ. "ಇದು ನನ್ನ ಕೈಯ ಕೆಲಸ" ಎಂದು ಎದ್ದು ನಿಲ್ಲುತ್ತೀರಿ.

ಬೆಲ್ಲಕ್ಕೆ ಕೇಳುವ, ಬಟ್ಟೆಗೆ ಕೇಳುವ ಈ ಪ್ರಶ್ನೆಯನ್ನು ನಾವು ಮಾತಿಗೆ ಕೇಳುವುದಿಲ್ಲ. ಬೆಳಿಗ್ಗೆ ಎದ್ದು ಫೋನು ತೆರೆದರೆ ಅದರಲ್ಲಿ ಇತಿಹಾಸ ಉಂಟು, ವೈದ್ಯ ಉಂಟು, ರಾಜಕೀಯ ಉಂಟು. ಎಲ್ಲವೂ ಬಿಟ್ಟಿ. ಯಾರು ಹೇಳಿದರು, ಎಲ್ಲಿ ಓದಿ ಹೇಳಿದರು ಎಂದು ಕೇಳದೆ ತೆಗೆದುಕೊಳ್ಳುತ್ತೇವೆ. ಕೇಳದೆಯೇ ಮುಂದಿನವರಿಗೆ ದಾಟಿಸುತ್ತೇವೆ. ಮಾತಿಗೂ ಬಿಲ್ಲು ಕೇಳಿದ ಒಬ್ಬ ಮನುಷ್ಯನ ಕೆಲಸವನ್ನು ಈ ದಿನ ನಿಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ.

ಇಂಗ್ಲೆಂಡಿನಲ್ಲಿ ಹ್ಯಾರಿ ಬ್ರೂಯಿಸ್ ಎಂಬವರಿದ್ದಾರೆ. ಯೂಟ್ಯೂಬಿನಲ್ಲಿ ಅವರು ಇಟ್ಟುಕೊಂಡ ಹೆಸರು ಎಚ್‌ಬಾಂಬರ್‌ಗೈ. ನಾವು ಬ್ರೂಯಿಸ್ ಎಂದೇ ಕರೆಯೋಣ. ಅವರು ಯಾವ ಪತ್ರಿಕೆಯ ನೌಕರರೂ ಅಲ್ಲ, ಪ್ರಾಧ್ಯಾಪಕರೂ ಅಲ್ಲ. ಕ್ಯಾಮರಾದ ಮುಂದೆ ಕುಳಿತು, ನಡುನಡುವೆ ನಗಿಸುತ್ತ, ಒಂದು ವಿಷಯವನ್ನು ಬುಡದಿಂದ ಕೆದಕಿ ಹೇಳುವುದು ಅವರ ಕಸುಬು. ಇದಕ್ಕೆ ವಿಡಿಯೊ ಪ್ರಬಂಧ ಎನ್ನುತ್ತಾರೆ. 2021, 2022, 2023, ಈ ಮೂರು ವರ್ಷಗಳಲ್ಲಿ ಅವರು ಹೊರತಂದ ಮೂರು ಪ್ರಬಂಧಗಳ ಸಂಗತಿಯನ್ನಷ್ಟೇ ಹೇಳುತ್ತೇನೆ. ಕೊನೆಯದರಿಂದ ಹಿಂದಕ್ಕೆ ಹೋಗುತ್ತೇನೆ.

ಅದಕ್ಕೆ ಮೊದಲು ಈ ಪೇಟೆಯ ಲೆಕ್ಕ ಒಂದಿಷ್ಟು ತಿಳಿದಿರಬೇಕು. ವಿಡಿಯೊದ ನಡುವೆ ಜಾಹೀರಾತು ಬರುತ್ತದಷ್ಟೆ. ಸಾಮಾನ್ಯವಾದ ಉದ್ದನೆಯ ವಿಡಿಯೊದ ಜಾಹೀರಾತಿನಿಂದ ಬಂದ ನೂರು ರೂಪಾಯಿಯಲ್ಲಿ ನಲವತ್ತೈದನ್ನು ಯೂಟ್ಯೂಬ್ ಕಂಪೆನಿ ಇಟ್ಟುಕೊಂಡು ಐವತ್ತೈದನ್ನು ಮಾಡಿದವನಿಗೆ ಕೊಡುತ್ತದೆ. ಇದಲ್ಲದೆ ನೋಡುಗರು ತಿಂಗಳಿಗಿಷ್ಟೆಂದು ಚಂದಾ ಕೊಡುವುದೂ ಉಂಟು. ಎಷ್ಟು ಜನ ನೋಡಿದರು ಎಂಬುದರ ಮೇಲೆ ಕೂಲಿ. ಅದರ ಹಿಂದೆ ಎಷ್ಟು ದುಡಿಮೆ ಇದೆ, ಯಾರ ದುಡಿಮೆ ಇದೆ ಎಂದು ಆ ಲೆಕ್ಕದಲ್ಲಿ ಯಾರೂ ಕೇಳುವುದಿಲ್ಲ. ಒಬ್ಬ ವರ್ಷವೆಲ್ಲ ಓದಿ ಒಂದು ವಿಡಿಯೊ ಮಾಡುತ್ತಾನೆ. ಇನ್ನೊಬ್ಬ ಪರರ ಪುಸ್ತಕವನ್ನು ಮುಂದಿಟ್ಟುಕೊಂಡು ಓದಿ ತಿಂಗಳಿಗೆ ನಾಲ್ಕು ಮಾಡುತ್ತಾನೆ. ಕೂಲಿ ಹೆಚ್ಚು ಬರುವುದು ಯಾರಿಗೆಂದು ನಾನು ಹೇಳಬೇಕಾಗಿಲ್ಲ.

ಈಗ ಮೂರನೆಯ ಪ್ರಬಂಧದ ಮಾತು. 2023ರ ಡಿಸೆಂಬರಿನಲ್ಲಿ ಬ್ರೂಯಿಸ್ ಕೃತಿಚೌರ್ಯದ ಮೇಲೆ ಒಂದು ವಿಡಿಯೊ ಹೊರತಂದರು. ಮೂರು ಗಂಟೆ ಐವತ್ತು ನಿಮಿಷಕ್ಕೂ ಮಿಕ್ಕಿದ್ದು. ಇಷ್ಟುದ್ದದ್ದನ್ನು ಯಾರು ನೋಡುತ್ತಾರೆ ಎಂದುಕೊಳ್ಳಬೇಡಿ. ಕೋಟಿಗೂ ಹೆಚ್ಚು ಬಾರಿ ಜನ ಅದನ್ನು ನೋಡಿದ್ದಾರೆ. ಅದರಲ್ಲಿ ಅವರು ಮಾಡಿದ ಕೆಲಸ ಬಹಳ ಸರಳ. ಕದ್ದ ಮಾತನ್ನು ಎಡಕ್ಕೆ, ಮೂಲದ ಮಾತನ್ನು ಬಲಕ್ಕೆ ಇಟ್ಟರು. ನೀವೇ ನೋಡಿ ಎಂದರು.

ಅದರೊಳಗಿನ ಒಂದು ಸಂಗತಿಯನ್ನು ವಿವರವಾಗಿ ಹೇಳಬೇಕು. 1925ರ ಜನವರಿ ಕೊನೆಯಲ್ಲಿ ಅಮೆರಿಕದ ಕೆಂಟಕಿ ಪ್ರಾಂತದಲ್ಲಿ ಫ್ಲಾಯ್ಡ್ ಕಾಲಿನ್ಸ್ ಎಂಬ ಬಡವನೊಬ್ಬ ಒಂದು ಗುಹೆಯೊಳಗೆ ತೆವಳಿಕೊಂಡು ಹೋದ. ಅಲ್ಲಿ ಸುತ್ತಮುತ್ತ ದೊಡ್ಡ ಗುಹೆಗಳಿವೆ, ನೋಡಲು ಪ್ರವಾಸಿಗರು ಬರುತ್ತಾರೆ. ದಾರಿಗೆ ಹತ್ತಿರವಾದ ಒಂದು ಗುಹೆ ಸಿಕ್ಕಿದರೆ ನಾಲ್ಕು ಕಾಸು ಸಂಪಾದಿಸಬಹುದು ಎಂಬುದು ಅವನ ಆಸೆ. ಹಿಂದಿರುಗುವಾಗ ಇಕ್ಕಟ್ಟಾದ ಸಂದಿಯಲ್ಲಿ ಒಂದು ಕಲ್ಲು ಉರುಳಿ ಅವನ ಕಾಲನ್ನು ಹಿಡಿಯಿತು. ದೊಡ್ಡ ಬಂಡೆಯೇನೂ ಅಲ್ಲ, ಹನ್ನೆರಡು ಕಿಲೋದಷ್ಟು ತೂಕದ ಕಲ್ಲು. ಆದರೆ ಕೈ ಚಾಚಲೂ ಎಡೆಯಿಲ್ಲದ ಜಾಗ. ಮೇಲೆ ಸಾವಿರಾರು ಜನ ಸೇರಿದರು. ತಿಂಡಿ ಮಾರುವವರು ಬಂದರು, ಜಾತ್ರೆಯೇ ಆಯಿತು. ಒಳಗೆ ಅವನು ಕತ್ತಲೆಯಲ್ಲಿ, ಚಳಿಯಲ್ಲಿ, ನೀರು ತೊಟ್ಟಿಕ್ಕುವ ಮಣ್ಣಿನಲ್ಲಿ ಮಲಗಿದ್ದ.

ಆಗ ಲೂಯಿವಿಲ್ ಪಟ್ಟಣದ ಪತ್ರಿಕೆಯ ವರದಿಗಾರನೊಬ್ಬ ಬಂದ. ಹೆಸರು ವಿಲಿಯಂ ಮಿಲ್ಲರ್. ಇಪ್ಪತ್ತೊಂದು ವರ್ಷದ ಸಣಕಲ ಹುಡುಗ. ದೊಡ್ಡ ಮೈಯವರು ನುಸುಳಲಾರದ ಆ ಸಂದಿಯಲ್ಲಿ ಇವನು ಹೊಟ್ಟೆಯ ಮೇಲೆ ತೆವಳಿ ಒಳಗಿಳಿದ. ಒಮ್ಮೆಯಲ್ಲ, ಹಲವು ಬಾರಿ ಇಳಿದ. ಕಾಲಿನ್ಸನ ಪಕ್ಕದಲ್ಲಿ ಮಲಗಿ ಅವನ ಮಾತು ಕೇಳಿದ. ಆಹಾರ ಕೊಂಡೊಯ್ದ. ಬಿಡಿಸುವ ಪ್ರಯತ್ನದಲ್ಲಿ ಕೈ ಜೋಡಿಸಿದ. ಮೇಲೆ ಬಂದು ವರದಿ ಬರೆದ. ಕಾಲಿನ್ಸ್ ಬದುಕಿ ಬರಲಿಲ್ಲ. ಫೆಬ್ರವರಿ 16ರಂದು ಅವನ ಬಳಿ ತಲಪಿದವರಿಗೆ ಸಿಕ್ಕಿದ್ದು ಹೆಣ. ಮಿಲ್ಲರನ ವರದಿಗಳಿಗೆ 1926ರಲ್ಲಿ ಪುಲಿಟ್ಜರ್ ಪಾರಿತೋಷಕ ಬಂತು.

ಇದು ಮೊದಲನೆಯ ದುಡಿಮೆ. ಆ ಕಥೆ ಲೋಕಕ್ಕೆ ಗೊತ್ತಾದದ್ದು ಒಬ್ಬನು ಪ್ರಾಣದ ಹಂಗು ತೊರೆದು ಕತ್ತಲೆಗೆ ಇಳಿದುದರಿಂದ. ಎರಡನೆಯ ದುಡಿಮೆ 2018ರದು. ಲ್ಯೂಕಸ್ ರೈಲಿ ಎಂಬ ಅಮೆರಿಕದ ಬರಹಗಾರರು ಮೆಂಟಲ್ ಫ್ಲಾಸ್ ಎಂಬ ಪತ್ರಿಕೆಗೆ ಈ ಘಟನೆಯನ್ನು ಹೊಸದಾಗಿ, ದೀರ್ಘವಾಗಿ ಬರೆದರು. ಎಲ್ಲಿ ಶುರುಮಾಡಬೇಕು, ಯಾವುದರ ನಂತರ ಯಾವುದು ಬರಬೇಕು ಎಂದು ಕಥೆಯನ್ನು ಹೆಣೆಯುವುದೂ ದುಡಿಮೆಯೇ. ಹಾಸಿಗೆ ಹೊಕ್ಕು ಹೊಂದಿಸುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು? 2022ರಲ್ಲಿ ಇಂಟರ್ನೆಟ್ ಹಿಸ್ಟೋರಿಯನ್ ಎಂಬ ಹೆಸರಿನ ವಾಹಿನಿಯಲ್ಲಿ ಇದೇ ಗುಹೆಯ ಮೇಲೆ ಒಂದು ವಿಡಿಯೊ ಬಂತು. ಲಕ್ಷಗಟ್ಟಲೆ ಜನ ನೋಡಿದರು, ಭಲೇ ಎಂದರು. ಬಳಿಕ ಅದು ಇದ್ದಕ್ಕಿದ್ದಂತೆ ಮಾಯವಾಯಿತು. ಆಮೇಲೆ ಮಾತುಗಳನ್ನು ಅಲ್ಲಲ್ಲಿ ಬದಲಿಸಿದ ರೂಪದಲ್ಲಿ ಮತ್ತೆ ಬಂತು. ಏಕೆ ಹೋಯಿತು, ಏಕೆ ಬದಲಾಯಿತು ಎಂದು ಬ್ರೂಯಿಸ್ ಹುಡುಕಿದರು. ಕೃತಿಸ್ವಾಮ್ಯದ ದೂರು ಇದ್ದುದು ತಿಳಿಯಿತು. ರೈಲಿಯವರ ಬರಹವನ್ನು ಪಕ್ಕಕ್ಕಿಟ್ಟು ನೋಡಿದರೆ ವಾಕ್ಯದಿಂದ ವಾಕ್ಯಕ್ಕೆ ಅದೇ ನಡೆ, ಎಷ್ಟೋ ಕಡೆ ಅವೇ ಪದ. ನೋಡಿದ ಲಕ್ಷಾಂತರ ಜನಕ್ಕೆ ರೈಲಿಯವರ ಹೆಸರು ತಿಳಿದಿರಲಿಲ್ಲ.

ಇನ್ನೊಬ್ಬರ ಸಂಗತಿ ಇದಕ್ಕಿಂತ ಕಹಿಯಾದದ್ದು. ಕೆನಡಾದ ಜೇಮ್ಸ್ ಸೋಮರ್ಟನ್ ಎಂಬವರು ಸಲಿಂಗಪ್ರೇಮಿಗಳ ಬದುಕನ್ನೂ ಸಿನಿಮಾವನ್ನೂ ಕುರಿತು ವಿಡಿಯೊ ಮಾಡುತ್ತಿದ್ದರು. ತುಳಿತಕ್ಕೆ ಸಿಕ್ಕಿದ ಜನರ ದನಿ ತಾನು ಎಂದು ಹೇಳಿಕೊಳ್ಳುತ್ತಿದ್ದರು. ಚಂದಾ ಹಣ ಚೆನ್ನಾಗಿಯೇ ಬರುತ್ತಿತ್ತು. ಬ್ರೂಯಿಸ್ ತೆಗೆದು ತೋರಿಸಿದ್ದೇನೆಂದರೆ, ಅವರ ಮಾತಿನ ಉದ್ದುದ್ದ ಭಾಗಗಳು ಅದೇ ಜನರಲ್ಲಿ ಹುಟ್ಟಿದ ಬೇರೆ ಬರಹಗಾರರವು.

ಹಾಗೆ ಕಳವಿಗೆ ಒಳಗಾದವರಲ್ಲಿ ವಿಟೊ ರುಸ್ಸೊ ಒಬ್ಬರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಚಲನಚಿತ್ರ ವಿಭಾಗದಲ್ಲಿ ಕೆಲಸಕ್ಕಿದ್ದವರು. ಹಾಲಿವುಡ್ಡು ತಮ್ಮಂಥವರನ್ನು ಹೇಗೆ ತೋರಿಸಿತು, ಹೇಗೆ ಬಚ್ಚಿಟ್ಟಿತು ಎಂದು ತಿಳಿಯಲು ವರ್ಷಗಟ್ಟಲೆ ಹಳೆಯ ಚಿತ್ರಗಳನ್ನು ಹುಡುಕಿ ನೋಡಿದರು. ತುಣುಕುಗಳನ್ನು ಹೊತ್ತು ಊರೂರಿಗೆ ಹೋಗಿ ಉಪನ್ಯಾಸ ಕೊಟ್ಟರು. ತಾನು ಇಂಥವನೆಂದು ಬಾಯಿಬಿಟ್ಟರೆ ಕೆಲಸ ಹೋಗುತ್ತಿದ್ದ ಕಾಲ ಅದು. 1981ರಲ್ಲಿ ಆ ಪುಸ್ತಕ ಬಂತು. 1990ರಲ್ಲಿ ಅವರು ಏಡ್ಸ್ ರೋಗಕ್ಕೆ ತುತ್ತಾದರು. ಹಾಗೆ ದುಡಿದು ಸತ್ತವರ ಮಾತನ್ನು ಹೆಸರಿಲ್ಲದೆ ಓದಿ, ಅವರ ಪರವಾಗಿ ನಿಂತಿದ್ದೇನೆಂದು ಹೇಳಿ ಹಣ ತೆಗೆದುಕೊಂಡದ್ದನ್ನು ಏನೆನ್ನಬೇಕು? ಹೊರಗಿನವನು ಮನೆ ದರೋಡೆ ಮಾಡಿದರೆ ಒಂದು ದುಃಖ. ಮನೆಯವನೇ ಮಾಡಿದರೆ ಅದರ ದುಃಖವೇ ಬೇರೆ.

ವಿಡಿಯೊ ಬಂದ ಮೇಲೆ ಸೋಮರ್ಟನ್ ಕ್ಷಮೆ ಕೇಳಿದರು. ಚಂದಾ ನಿಂತಿತು, ವಾಹಿನಿ ಮುಚ್ಚಿತು. ಬ್ರೂಯಿಸ್ ಆ ವಿಡಿಯೊದಿಂದ ತಮಗೆ ಬರುವ ಹಣವನ್ನು ಕಳವಿಗೆ ಒಳಗಾದ ಬರಹಗಾರರಿಗೆ ಹಂಚುವುದಾಗಿ ಹೇಳಿದರು. ಈ ಮಾತನ್ನು ನಾನು ಮುಖ್ಯವೆಂದು ಎಣಿಸುತ್ತೇನೆ. ಕಳ್ಳನನ್ನು ಹಿಡಿದವನು ಮಾಲನ್ನು ತಾನಿಟ್ಟುಕೊಂಡರೆ ನ್ಯಾಯವೇನಾಯಿತು?

ಅಷ್ಟರಲ್ಲೇ ಇನ್ನೊಂದು ಸಂಗತಿ ಹೊರಬಿತ್ತು. ಟಾಡ್ ಇನ್ ದಿ ಶ್ಯಾಡೋಸ್ ಎಂಬ ಹೆಸರಿನಲ್ಲಿ ವಿಡಿಯೊ ಮಾಡುವ ಸಂಗೀತ ವಿಮರ್ಶಕರೊಬ್ಬರು, ಸೋಮರ್ಟನ್ ಹೇಳಿದ ಇತಿಹಾಸದ ಸಂಗತಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ ತೋರಿಸಿದರು. ಎಷ್ಟೋ ಸಂಗತಿಗಳಿಗೆ ಬುಡವೇ ಇರಲಿಲ್ಲ. ಕಳವಿನ ಅಂಗಡಿಯಲ್ಲಿಯೇ ಕಲಬೆರಕೆಯೂ ನಡೆಯುತ್ತಿತ್ತು. ಇದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಬರೆದವನ ಹೆಸರು ಅಳಿಸಿದ ಮೇಲೆ ಕೇಳುವವನಿಗೆ ಹಿಂದಕ್ಕೆ ಹೋಗಿ ನೋಡುವ ದಾರಿಯೇ ಉಳಿಯುವುದಿಲ್ಲ. ದಾರಿ ಮುಚ್ಚಿದ ಮೇಲೆ ಯಾವುದು ಕಂಡದ್ದು, ಯಾವುದು ಕಟ್ಟಿದ್ದು ಎಂದು ತಿಳಿಯುವುದೆಂತು? ಹೆಸರೆಂಬುದು ದುಡಿದವನ ಕೂಲಿ. ಅದೇ ಹೆಸರು ಕೇಳುವವನ ಕೈಯಲ್ಲಿರುವ ಬಿಲ್ಲು. ಒಂದನ್ನು ಹರಿದರೆ ಎರಡೂ ಹೋದವು.

ಈಗ ಎರಡನೆಯ ಪ್ರಬಂಧ, 2022ರದು. ಇದು ಒಂದು ಸದ್ದಿನ ಕಥೆ. ರೋಬ್ಲಾಕ್ಸ್ ಎಂಬ ಕಂಪ್ಯೂಟರ್ ಆಟ ನಿಮ್ಮ ಮಕ್ಕಳಿಗೆ ಗೊತ್ತಿರಬಹುದು. ಅದರಲ್ಲಿ ಗೊಂಬೆ ಸತ್ತಾಗ 'ಊಫ್' ಎಂದು ಒಂದು ಸದ್ದು ಬರುತ್ತಿತ್ತು. 2022ರಲ್ಲಿ ಅದನ್ನು ಆಟದಿಂದ ತೆಗೆದರು. ಆ ಸದ್ದು ಮೂಲದಲ್ಲಿ 2000ದಲ್ಲಿ ಬಂದ ಮೆಸ್ಸಾಯ ಎಂಬ ಬೇರೊಂದು ಆಟದ್ದು. ಟಾಮಿ ಟಲ್ಲರಿಕೊ ಎಂಬ ಹೆಸರಾಂತ ಸಂಗೀತಗಾರರು ಅದನ್ನು ಮಾಡಿದವನು ತಾನು ಎನ್ನುತ್ತಿದ್ದರು. ಪತ್ರಿಕೆಗಳೂ ಹಾಗೆಯೇ ಬರೆದವು. ಬ್ರೂಯಿಸ್ ಇದರ ಬೆನ್ನು ಹತ್ತಿ ಹೋದರು. ಹಳೆಯ ಸಂದರ್ಶನ, ಹಳೆಯ ದಾಖಲೆಗಳನ್ನು ತಿರುವಿಹಾಕಿದರು. ಕೊನೆಗೆ ಅವರು ತೋರಿಸಿದ್ದು ಜೋಯಿ ಕುರಾಸ್ ಎಂಬವರ ಹೆಸರು. ಟಲ್ಲರಿಕೊ ಅವರ ಬಳಿ ಶಬ್ದದ ಕೆಲಸ ಮಾಡುತ್ತಿದ್ದವರು ಅವರು.

ಅರ್ಧ ಸೆಕೆಂಡಿನ ಸದ್ದಿಗೆ ಇಷ್ಟು ರಗಳೆಯೇ ಎಂದು ನೀವು ನಗಬಹುದು. ನಾನೂ ಮೊದಲು ನಕ್ಕೆ. ಆದರೆ ಯೋಚಿಸಿ ನೋಡಿ. ಕೆಲಸ ಮಾಡಿದವನೊಬ್ಬ, ಫಲಕದ ಮೇಲೆ ಹೆಸರು ಇನ್ನೊಬ್ಬನದು. ಈ ಸಭೆಯಲ್ಲಿ ಕುಳಿತವರಲ್ಲಿ ಇದನ್ನು ಕಾಣದವರು ಯಾರು? ಕೆಟ್ಟು ನಿಂತ ಯಂತ್ರವನ್ನು ರಾತ್ರಿಯೆಲ್ಲ ನಿಂತು ಸರಿಮಾಡಿದವನು ಫಿಟ್ಟರು. ಬೆಳಿಗ್ಗೆ ಸಾಹೇಬರ ಮುಂದೆ ಶಾಭಾಸ್‌ಗಿರಿ ಪಡೆದವನು ಮೇಲಿನವನು. ವಸ್ತು ಸಣ್ಣದಿರಬಹುದು, ಅದರೊಳಗಿನ ನ್ಯಾಯ ಸಣ್ಣದಲ್ಲ.

ಇಲ್ಲಿಯವರೆಗೆ ಹೇಳಿದ್ದು ದುಡಿದವನಿಗಾದ ನಷ್ಟ. ಕೇಳುವವನಿಗೆ ಆಗುವ ನಷ್ಟವನ್ನು ಮೊದಲನೆಯ ಪ್ರಬಂಧ, 2021ರದು, ಹೇಳುತ್ತದೆ. ಅದು ಲಸಿಕೆಯ ವಿಷಯ.

1998ರ ಫೆಬ್ರವರಿಯಲ್ಲಿ ಲಂಡನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಬರಹ ಪ್ರಕಟಿಸಿದರು. ಆಧಾರ ಕೇವಲ ಹನ್ನೆರಡು ಮಕ್ಕಳು. ದಡಾರ, ಮಂಗನಬಾವು, ರುಬೆಲ್ಲಾ ಈ ಮೂರಕ್ಕೂ ಸೇರಿಸಿ ಕೊಡುವ ಲಸಿಕೆಗೂ ಮಕ್ಕಳ ಆಟಿಸಂ ತೊಂದರೆಗೂ ನಂಟಿದೆಯೆಂಬ ಭಯ ಅದರಿಂದ ಹಬ್ಬಿತು. ಪತ್ರಿಕೆಗಳು ಅದನ್ನು ಎತ್ತಿ ಆಡಿದವು. ಮುಂದೆ ಇಂಗ್ಲೆಂಡಿನಲ್ಲಿ ಈ ಲಸಿಕೆ ಹಾಕಿಸಿಕೊಳ್ಳುವ ಮಕ್ಕಳ ಪ್ರಮಾಣ ನೂರಕ್ಕೆ ಎಂಬತ್ತರ ಮಟ್ಟಕ್ಕೆ ಇಳಿಯಿತು.

ಇದರ ಬುಡ ಹುಡುಕಿದವರು ಬ್ರಯನ್ ಡಿಯರ್ ಎಂಬ ವರದಿಗಾರರು. ಲಸಿಕೆ ಕಂಪೆನಿಗಳ ಮೇಲೆ ದಾವೆ ಹೂಡಲು ಹೊರಟಿದ್ದ ವಕೀಲರಿಂದ ವೇಕ್‌ಫೀಲ್ಡ್ ಹಣ ಪಡೆದಿದ್ದರೆಂದು 2004ರಲ್ಲಿ ಬಯಲಿಗೆಳೆದರು. ಆ ಹಣ ನಾಲ್ಕು ಲಕ್ಷ ಪೌಂಡಿಗೂ ಮೇಲೆಂದು ಆಮೇಲೆ ತಿಳಿಯಿತು. ವೇಕ್‌ಫೀಲ್ಡ್ ತಾವೇ ಬೇರೊಂದು ಲಸಿಕೆಗೆ 1997ರಲ್ಲಿ ಪೇಟೆಂಟ್ ಕೇಳಿದ್ದುದೂ ಹೊರಬಂತು. 2010ರಲ್ಲಿ ಲ್ಯಾನ್ಸೆಟ್ ಆ ಬರಹವನ್ನು ಹಿಂತೆಗೆದುಕೊಂಡಿತು; ಅದೇ ವರ್ಷ ವೈದ್ಯರ ಪಟ್ಟಿಯಿಂದ ವೇಕ್‌ಫೀಲ್ಡ್ ಹೆಸರನ್ನು ಹೊಡೆದುಹಾಕಿದರು. ಸುಳ್ಳು ಹೇಳಲು ಒಂದು ದಿನ, ಅದನ್ನು ಹಿಂತೆಗೆಯಲು ಹನ್ನೆರಡು ವರ್ಷ.

ಬ್ರೂಯಿಸ್ ಈ ಕಥೆಯನ್ನು ಸುಮಾರು ಒಂದೂಮುಕ್ಕಾಲು ಗಂಟೆಯಲ್ಲಿ ಹೇಳಿದರು. ಗಮನಿಸಬೇಕಾದದ್ದು, ಅವರು ಇದನ್ನು ತಾವು ಕಂಡುಹಿಡಿದದ್ದೆಂದು ಹೇಳಿಕೊಳ್ಳಲಿಲ್ಲ. ಇದು ಡಿಯರ್ ಅವರ ದುಡಿಮೆ ಎಂದು ಹೆಸರು ಹಿಡಿದು ಹೇಳಿದರು. "ಎಲ್ಲರೂ ಎಲ್ಲಿಂದಲೋ ತೆಗೆದುಕೊಂಡೇ ಹೇಳುತ್ತಾರಲ್ಲ, ಕಳವು ಎಂದರೇನು?" ಎಂದು ಕೇಳುವವರಿದ್ದಾರೆ. ಇದೇ ಅವರಿಗೆ ಉತ್ತರ. ಪರರ ನೂಲಿನಿಂದ ನೇಯುವುದು ತಪ್ಪಲ್ಲ. ನೂಲಿನವನ ಲೆಕ್ಕ ತೀರಿಸದಿರುವುದು ತಪ್ಪು.

ಈ ಕಥೆ ಸಮುದ್ರದಾಚೆಯದೆಂದು ಬಿಡುವಂತಿಲ್ಲ. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ದೊಡ್ಡ ಆಂದೋಲನ ಬೆಂಗಳೂರಿನಲ್ಲೇ ಶುರುವಾಯಿತು. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ ಮೊದಲ ಸುತ್ತಿನಲ್ಲಿದ್ದವು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಸೂಜಿ. ಕೂಡಲೇ ವಾಟ್ಸಪ್ಪಿನಲ್ಲಿ ಗಾಳಿಸುದ್ದಿ ಹಬ್ಬಿತು. ನನ್ನ ಮಗಳಿಗೂ ಒಂದು ಬಂತು. ಅವಳ ಮಗುವಿಗೆ ಆಗ ನಾಲ್ಕು ವರ್ಷ. "ಅಪ್ಪಾ, ನೀವು ಓದಿದವರು, ಇದು ನಿಜವೇನು ನೋಡಿ" ಎಂದು ಫೋನು ನನ್ನ ಕೈಗೆ ಕೊಟ್ಟಳು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಕೆಳಗೆ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ. ಆದರೂ ನಾನು ಹೇಳಿದ್ದೇನು ಗೊತ್ತೆ? "ಬೆಂಕಿ ಇಲ್ಲದೆ ಹೊಗೆ ಏಳುತ್ತದೆಯೇ? ಸ್ವಲ್ಪ ದಿನ ನೋಡೋಣ ತಾಳು."

ಇಷ್ಟು ವರ್ಷ ಸಭೆಗಳಲ್ಲಿ ಮಾತಾಡಿದವನು, ದಿನಕ್ಕೆರಡು ಪತ್ರಿಕೆ ಓದುವವನು ಹೇಳಿದ ಮಾತು ಅದು. ಮಗುವನ್ನು ಆ ದಿನ ಮನೆಯಲ್ಲೇ ಉಳಿಸಿಕೊಂಡರು. ವಾರದ ನಂತರ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಳು. ಬಿಸಿಲಿನಲ್ಲಿ ಕೇರಿಯೆಲ್ಲ ಸುತ್ತಿ ಬಂದಿದ್ದಳು. ಸಿಟ್ಟು ಮಾಡಲಿಲ್ಲ. "ಇದನ್ನು ನಿಮಗೆ ಹೇಳಿದವರು ಯಾರು, ಯಜಮಾನರೇ?" ಎಂದು ಮಾತ್ರ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಮೇಲೆ ಮಗುವಿಗೆ ಸೂಜಿ ಹಾಕಿಸಿದೆವು, ಏನೂ ಕೇಡಾಗಲಿಲ್ಲ. ಆದರೆ ಆ ವಾರದಲ್ಲಿ ಕೇರಿಗೆ ದಡಾರ ಬಂದಿದ್ದರೆ ನಾನು ಯಾರಿಗೆ ಮುಖ ತೋರಿಸಬೇಕಾಗಿತ್ತು? ಬ್ರೂಯಿಸ್ ಅವರ ಮೂರು ಪ್ರಬಂಧಗಳ ಹಿಂದೆಯೂ ಇರುವ ಪ್ರಶ್ನೆ ಆ ಹೆಣ್ಣುಮಗಳು ನನ್ನ ಜಗುಲಿಯಲ್ಲಿ ನಿಂತು ಕೇಳಿದ ಪ್ರಶ್ನೆಯೇ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕಳ್ಳ ಸಿಕ್ಕಿದನೆಂದರೆ ಊರೆಲ್ಲ ಸೇರಿ ಕಲ್ಲು ಹೊಡೆಯುವ ಚಟ ಈ ಫೋನಿನ ಲೋಕದಲ್ಲೂ ಉಂಟು. ಲೆಕ್ಕ ಕೇಳುವುದು ಒಂದು, ಮನುಷ್ಯನನ್ನು ಬೇಟೆಯಾಡುವುದು ಇನ್ನೊಂದು. ಬ್ರೂಯಿಸ್ ಹೇಳಿದ್ದನ್ನಾದರೂ ಅವರು ಹೇಳಿದರೆಂದೇ ನಂಬಬೇಕಾಗಿಲ್ಲ. ಅವರು ಎಡಕ್ಕೂ ಬಲಕ್ಕೂ ಇಟ್ಟು ತೋರಿಸಿದ್ದು ನಾವು ನಮ್ಮ ಕಣ್ಣಿನಿಂದಲೇ ನೋಡಿ ತೀರ್ಮಾನಿಸಲೆಂದು.

ಹಾಗಾದರೆ ನಾವು ಮಾಡಬಹುದಾದದ್ದೇನು? ದೊಡ್ಡದೇನೂ ಅಲ್ಲ. ಫೋನಿಗೆ ಬಂದದ್ದನ್ನು ದಾಟಿಸುವ ಮುನ್ನ, ಇದನ್ನು ಕಂಡವರು ಯಾರು, ಬರೆದವರು ಯಾರು ಎಂದು ಕೇಳಿ. ಉತ್ತರ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ. ನಿಂತ ಮಾತಿನಿಂದ ಯಾರ ಮನೆಯೂ ಹಾಳಾಗಲಿಲ್ಲ. ನೀವು ಒಂದು ಸಂಗತಿಯನ್ನು ನಾಲ್ಕು ಜನರ ಮುಂದೆ ಹೇಳುವಾಗ, ಅದನ್ನು ನಿಮಗೆ ಕಲಿಸಿದವರ ಹೆಸರನ್ನೂ ಹೇಳಿ. ನಿಮ್ಮ ಮರ್ಯಾದೆ ಅದರಿಂದ ಕಡಿಮೆಯಾಗದು. ನಿಜವನ್ನು ಹುಡುಕಿ ಬರೆಯುವವರು ಎಲ್ಲೇ ಇರಲಿ, ಅವರ ಕೂಲಿಯ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಪತ್ರಿಕೆಗೆ ಕೊಡುವ ಕಾಸೂ ಒಂದು ಬಟವಾಡೆಯೇ.

ನಾನೂ ಈ ನಿಯಮವನ್ನು ಪಾಲಿಸಿಯೇ ಮಾತು ಮುಗಿಸುತ್ತೇನೆ. ಈ ದಿನ ನಾನು ಹೇಳಿದ್ದರಲ್ಲಿ ಗುಹೆಯ ಕಥೆ ಮಿಲ್ಲರ್ ಮತ್ತು ರೈಲಿಯವರ ದುಡಿಮೆ, ಲಸಿಕೆಯದು ಡಿಯರ್ ಅವರದು, ಉಳಿದದ್ದರಲ್ಲಿ ಹೆಚ್ಚಿನದು ಬ್ರೂಯಿಸ್ ಅವರದು. ತಪ್ಪುಗಳಿದ್ದರೆ ಅವು ನನ್ನವು. ಕೇಳಬೇಕಾದ ಪ್ರಶ್ನೆಯನ್ನು ನನಗೆ ಕಲಿಸಿದವಳು ನಮ್ಮ ಕೇರಿಯ ಆಶಾ ಕಾರ್ಯಕರ್ತೆ.